ಚಕ್ಕುಬಂದಿ

ಬೇಕರಿ ಮೇಲಿನ ಮಹಡಿಯಲ್ಲಿ ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿ.
ಕೆಳಗೆ ದಿಲ್‌ಪಸಂದ್ ಬೇಯುವ ಹೊತ್ತಿಗೆ
ಮೇಲೆ ಸರ್ವರ್ ಕೈಕೊಡುತ್ತದೆ.
ಮೆಟ್ಟಿಲ ಸಂದಿಯಲ್ಲಿ ಒಂದು ಸ್ಟೂಲು, ಒಂದು ರಟ್ಟು,
ಎರಡು ಪೆನ್ನು: ಅದು ನಾನು.
ಅರ್ಜಿಗೆ ಐವತ್ತು. ಹುಡುಕಿಕೊಟ್ಟರೆ ನಿಮ್ಮಿಷ್ಟ.

ಪಿಳ್ಳಮ್ಮ ಬಂದದ್ದು ಸೋಮವಾರ.
ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ,
ಅದರೊಳಗೆ ಕಂದಾಯ ಕಟ್ಟಿದ ನಾಲ್ಕು ಚೀಟಿ,
ಒಂದು ಕರೆಂಟು ಬಿಲ್ಲು, ಅಜ್ಜಿಯ ರೇಷನ್ ಕಾರ್ಡು.
"ಪತ್ರ?" ಅಂದೆ.
"ಪತ್ರ ಇದ್ದಿದ್ರೆ ನಿಮ್ತಾವ ಯಾಕ್ ಬರ್ತಿದ್ದೆ ಸ್ವಾಮಿ."

ಹೆಣ್ಣೂರಿನ ಕಡೆ, ಇಪ್ಪತ್ತಕ್ಕೆ ಮೂವತ್ತೂ ಇಲ್ಲದ ಜಾಗ.
ಈಗ ಎರಡು ಅಪಾರ್ಟ್‌ಮೆಂಟಿನ ನಡುವೆ,
ಬಸ್ಸಿನ ಇಬ್ಬರ ಸೀಟಿನಲ್ಲಿ
ಮೂರನೆಯವಳಂತೆ ಒತ್ತಿ ಕೂತಿದೆ.

ಇ.ಸಿ. ಹಾಕಿಸಿದೆ. ಬಂದದ್ದು ಒಂದೇ ಹಾಳೆ:
ಸದರಿ ಸ್ವತ್ತಿನ ಮೇಲೆ ಯಾವ ವ್ಯವಹಾರವೂ ಕಂಡುಬಂದಿಲ್ಲ,
ಋಣಭಾರ ಶೂನ್ಯ.
ಓದಿ ಹೇಳಿದೆ. ಅವಳ ಮುಖ ಅರಳಿತು.
"ನಮ್ಮಜ್ಜಿ ಯಾರ್ ಹತ್ರಾನೂ ಸಾಲ ಮಾಡ್ದೋಳಲ್ಲ!"
ಇದು ಸಂತೋಷದ ಸುದ್ದಿಯಲ್ಲವೆಂದು
ತಿಳಿಹೇಳಲು ಎರಡು ಟೀ ಬೇಕಾಯಿತು.

ಸಿಗದಿದ್ದರೆ ಪಕ್ಕದವರನ್ನು ಹುಡುಕು.
ನನಗೆ ಕಸುಬು ಕಲಿಸಿದ ದಾವೂದ್ ಸಾಹೇಬರ ಮಾತು.
ದಫ್ತರಿ ಜವರಪ್ಪನ ದಯೆಯಿಂದ
ಹಳೆ ಸಂಪುಟಗಳ ಕೋಣೆ ಹೊಕ್ಕೆ.
ಕಟ್ಟು ಬಿಚ್ಚಿದರೆ ಉದುರುವುದು ಧೂಳಲ್ಲ, ಕಾಗದವೇ.
ಊದಬಾರದು.
ಊದಿದರೆ ಯಾರದೋ ಅರ್ಧ ಗುಂಟೆ ಹೋಯಿತು.

ಎಲ್ಲರೂ ಮಾರಿದ್ದು ಒಂದೇ ಕಾರಣಕ್ಕೆ:
"ನನ್ನ ಸಂಸಾರದ ಅಡಚಣೆ ನಿಮಿತ್ತ."
ಯಾವ ಅಡಚಣೆ ಎಂದು ಯಾರೂ ಬರೆಸಿಲ್ಲ.
ಎಲ್ಲರೂ ಬಿಟ್ಟುಕೊಟ್ಟಿದ್ದಾರೆ
ನಿಧಿ, ನಿಕ್ಷೇಪ, ಜಲ, ತರು, ಪಾಷಾಣ,
ಸೂರ್ಯಚಂದ್ರರು ಇರುವ ತನಕ.
ಆರು ವರ್ಷಕ್ಕೆ ಅದೇ ಜಾಗ ಮತ್ತೆ ಕ್ರಯ,
ಮತ್ತೆ ಸೂರ್ಯ, ಮತ್ತೆ ಚಂದ್ರ,
ಅದೇ ಸಾಕ್ಷಿಯ ಅದೇ ಸೊಟ್ಟ ರುಜು.

ಗುರುವಾರ ಮೂರೂವರೆ. ಅರವತ್ತೇಳರ ಸಂಪುಟ.
ಚಿನ್ನಪ್ಪ ಬಿನ್ ದೊಡ್ಡಹನುಮಪ್ಪನಿಂದ
ಲಾಜರ್ ಬಿನ್ ಸವರಿಯಪ್ಪನಿಗೆ
ಶುದ್ಧ ಕ್ರಯ, ಎಂಟುನೂರು ರೂಪಾಯಿ. ಚಕ್ಕುಬಂದಿ:
ಪೂರ್ವಕ್ಕೆ ಓಣಿ.
ಪಶ್ಚಿಮಕ್ಕೆ ಕೆರೆ ಕಾಲುವೆ.
ದಕ್ಷಿಣಕ್ಕೆ ನನಗೇ ಉಳಿದ ಜಮೀನು.
ಉತ್ತರಕ್ಕೆ ಅಕ್ಕಯ್ಯಮ್ಮನ ಸುಣ್ಣದ ಗೂಡು ಮತ್ತು ವಾಸದ ಗುಡಿಸಲು.

ಓಣಿಯ ಮೇಲೆ ಈಗ ಸೇತುವೆ.
ಕಾಲುವೆ ಹೋಗಿ ಕಾಂಕ್ರೀಟಿನ ಪೆಟ್ಟಿಗೆ ಸೇರಿತು.
ಉಳಿದ ಜಮೀನು ಉಳಿಯಲಿಲ್ಲ.
ನಾಲ್ಕರಲ್ಲಿ ಅಲ್ಲಾಡದ್ದು ಇದೊಂದೇ.

ಜವರಪ್ಪ ಸಂಪುಟವನ್ನೇ ಕಿಟಕಿಗೆ ತಂದ.
ಪಿಳ್ಳಮ್ಮನಿಗೆ ಓದು ಬಾರದು.
ಬೆರಳನ್ನು ಸೆರಗಿಗೆ ಒರೆಸಿಕೊಂಡು ಸಾಲಿನ ಮೇಲಿಟ್ಟಳು,
ಇಟ್ಟ ಕಡೆಯಿಂದ ಕೊನೆಯವರೆಗೆ ಎಳೆದಳು.
"ಇಷ್ಟುದ್ದ ಐತಾ ನಮ್ಮಜ್ಜಿ ಹೆಸರು?"
"ಗೂಡೂ ಸೇರಿ" ಅಂದೆ.

ದೃಢೀಕೃತ ನಕಲಿಗೆ ಅರ್ಜಿ.
ಏಳನೆಯ ಕಾಲಂ: ಸದರಿ ಪತ್ರಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ.
ಕೊಂಡವಳಲ್ಲ. ಮಾರಿದವಳಲ್ಲ.
ಸಾಕ್ಷಿಯ ಮಗಳೂ ಅಲ್ಲ.
ಬಿಕ್ಕಲಂ ಬರೆದವನ ಊರು ಕೂಡ ಗೊತ್ತಿಲ್ಲ.
ಮೂವತ್ತೊಂದು ವರ್ಷದಿಂದ ಕಾಲಂ ತುಂಬಿದ ಪೆನ್ನು
ಅಲ್ಲಿ ನಿಂತಿತು.
ಆಮೇಲೆ ಬರೆದೆ: ಉತ್ತರ.

ಕೌಂಟರಿನ ಹುಡುಗಿ ತಲೆಯೆತ್ತಿದಳು.
"ಇದೇನ್ರೀ, ಉತ್ತರ ಅಂತಷ್ಟೇ ಬರ್ದಿದೀರ.
ಉತ್ತರ ಎಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ
ಪಿಳ್ಳಮ್ಮ ಕೈಯೆತ್ತಿ ತೋರಿಸಿದಳು,
ಕಿಟಕಿಯಾಚೆ, ಬೇಕರಿಯ ಹೊಗೆಯಾಚೆ,
ಮೆಟ್ರೋ ಕಂಬಗಳ ಆಚೆಗೆ,
ಸರಿಯಾಗಿ ಆ ದಿಕ್ಕಿಗೇ.