ಕೊರಳು ಹದಿನಾಲ್ಕು, ಎದೆ ಇಪ್ಪತ್ತೆರಡು

ಮೋತಿ ಸರ್ಕಲ್ಲಿನ ಅಂಗಡಿಯವನು ಎರಡನ್ನೂ
ಗಾಜಿನ ಮೇಲೆ ಹರವಿದ.
ಒಂದು ಬರೀ ಪಟ್ಟಿ, ಒಂದು ಬಕಲು: ನೂರಾ ಇಪ್ಪತ್ತು.
ಇನ್ನೊಂದು ಎದೆ ಬೆನ್ನು ಬಳಸಿ ಬರುವ ಹಾರ್ನೆಸ್ಸು,
ಆರುನೂರೈವತ್ತು. ಅಂದರೆ
ನೂರ ಮೂವತ್ತು ಪ್ಯಾಂಟಿಗೆ ಸೊಂಟಪಟ್ಟಿ ಹೊಲಿದ ಕೂಲಿ.
"ನಾಯಿ ಯಾವ ಜಾತಿ?" ಅಂದ.
"ಕೌಲ್ ಬಜಾರಿನದು" ಅಂದೆ.
ನಕ್ಕು, ಕೊರಳಪಟ್ಟಿಯನ್ನು ನನ್ನ ಕಡೆ ತಳ್ಳಿದ.

ಇದರ ಹೆಸರು ಗುಂಡಿ.
ಮರಿಯಿದ್ದಾಗ ಯೂನಿಟ್ಟಿನಲ್ಲಿ
ಹಿತ್ತಾಳೆ ಗುಂಡಿಯೊಂದನ್ನು ನುಂಗಿ
ಮೂರನೇ ದಿನ ಹೊರಗೆ ಹಾಕಿತು, ಹೊಳಪೂ ಕೆಡದೆ.
ತೊಳೆದು ಯಾವ ಪ್ಯಾಂಟಿಗೆ ಹೊಡೆದರೋ,
ಈಗ ಯಾವ ಊರಲ್ಲಿ ಯಾರ ಹೊಕ್ಕುಳ ಕೆಳಗಿದೆಯೋ.

ಒಂದು ಮಳೆಗಾಲ ಪೂರ್ತಿ ಕಾಣೆಯಾಗಿತ್ತು.
ಬಂದಾಗ ಕೊರಳಲ್ಲಿ ಬೈಂಡಿಂಗ್ ವೈರು.
ಬಟ್ಟೆ ಕತ್ತರಿಯಲ್ಲೇ ಕತ್ತರಿಸಿದೆ. ಕತ್ತರಿಯ ಬಾಯಿ ಹೋಯಿತು,
ಮಾಲೀಕ ಅರ್ಧ ದಿನದ ಪಗಾರ ಹಿಡಿದ.
ಅಲ್ಲಿ ಈಗಲೂ ಕೂದಲು ಬಂದಿಲ್ಲ.

ಆದರೂ ಮೊದಲು ಕೊಂಡದ್ದು ಕೊರಳಪಟ್ಟಿಯೇ. ದುಡ್ಡು ದುಡ್ಡೇ.
ಮಾಂಸದಂಗಡಿ ಕಂಡರೆ ಜಗ್ಗುತ್ತಿತ್ತು,
ಜಗ್ಗಿದಷ್ಟೂ ಕೆಮ್ಮುತ್ತಿತ್ತು,
ಕೆಮ್ಮುತ್ತಲೇ ಜಗ್ಗುತ್ತಿತ್ತು.
ಬೀಡಿ ಸೇದುವ ಮುದುಕನ ಕೆಮ್ಮು ಅದು,
ನಾಯಿಯ ಬಾಯಲ್ಲಿ ಕೇಳಬಾರದು.

ಕಟ್ಟೆಯ ಮೇಲಿಂದ ನೋಡಿದರು ಮಾಬುಸಾಬ್ ತಾತ,
ಸ್ಟೇಷನ್ನಿನ ಮುಂದೆ ಮೂವತ್ತು ವರ್ಷ ಜಟಕಾ ಹೊಡೆದವರು.
"ಕುದ್ರಿ ಎದಿಯಿಂದ ಎಳಿತೈತಿ ತಂಗೀ.
ಕೊಳ್ಳಿಗೆ ಭಾರ ಹಾಕಿದ್ರ ಉಸ್ರು ನಿಂತು ಹೋಗ್ತೈತಿ.
ಎತ್ತಿಂದು ಬ್ಯಾರೆ, ಅದಕ್ಕ ಹೆಗಲೈತಿ."

ಆ ರಾತ್ರಿ ಕೊರಳಿನ ಟೇಪು ತೆಗೆದು ಅಳೆಯಲು ಕೂತೆ.
ದಿನವಿಡೀ ನನ್ನ ಕೊರಳಲ್ಲೇ ಜೋತಾಡುವ ಟೇಪು
ಒಮ್ಮೆಯೂ ಬಿಗಿದಿಲ್ಲ.
ಆ ತುದಿ ಹಿಡಿದವರು ಯಾರೂ ಇಲ್ಲವಲ್ಲ.
ಕೊರಳು ಹದಿನಾಲ್ಕು.
ಮುಂಗಾಲ ಹಿಂದೆ ಸುತ್ತಿ ಎದೆ, ಇಪ್ಪತ್ತೆರಡು.
ಟೇಪನ್ನು ನೆಕ್ಕಿ ನೆಕ್ಕಿ
ಹತ್ತೊಂಬತ್ತರ ಅಂಕಿ ಮಾಸಿಸಿಬಿಟ್ಟಿತು.

ರಿಜೆಕ್ಟಾದ ಪೀಸುಗಳ ಸೊಂಟಪಟ್ಟಿ, ನಾಲ್ಕು ಮಡಿಕೆ,
ಡಬಲ್ ಹೊಲಿಗೆ, ಕಿತ್ತಳೆ ದಾರ.
ಕಂಕುಳಲ್ಲಿ ಉಜ್ಜುವ ಕಡೆ ಹಳೇ ಬನಿಯನ್ನಿನ ಮೆತ್ತೆ.
ಬೆನ್ನ ಮೇಲೆ ಕಬ್ಬಿಣದ ರಿಂಗು.
ಒಂದು ಕಡೆ ಚಿಲ್ಲರೆ ಜೇಬು ಹಾಗೇ ಉಳಿದಿತ್ತು,
ಇರಲಿ ಅಂತ ಬಿಟ್ಟೆ.

ಬೆಳಗಿನ ಐದು ಗಂಟೆ. ಕೋಟೆ ಗುಡ್ಡದ ಬಂಡೆ
ನಿನ್ನೆಯ ಬಿಸಿಲನ್ನು ಇನ್ನೂ ಬಿಟ್ಟಿರಲಿಲ್ಲ.
ಗುಂಡಿ ಕೆಮ್ಮಲಿಲ್ಲ.
ಗುಂಡಿ ನನ್ನನ್ನು ಎಳೆದುಕೊಂಡು ಹೋಯಿತು,
ಮೆಡಿಕಲ್ ಅಂಗಡಿ ದಾಟಿ, ಇಡ್ಲಿ ಗಾಡಿ ದಾಟಿ,
ಎಡಗಾಲ ಚಪ್ಪಲಿಯ ಉಂಗುಟ ಹರಿಯುವ ತನಕ.
ತಾತ ಬಿದ್ದು ಬಿದ್ದು ನಕ್ಕರು:
"ಎಳೆಯಾಕಂತ್ಲೇ ಮಾಡಿದ ಸಾಮಾನದು!
ಹಿಂದೊಂದು ಗಾಡಿ ಕಟ್ಟು, ನಾ ಹತ್ತಿ ಕೂಡ್ತೀನಿ."

ಹಾಗಾದರೆ?
ಕೊರಳಿಗೆ ಕಟ್ಟಿದರೆ ಅದರ ಉಸಿರು ನನ್ನ ಕೈಲಿ.
ಎದೆಗೆ ಕಟ್ಟಿದರೆ ನನ್ನ ತೋಳು ಅದರ ಕೈಲಿ.
ಯಾವುದೂ ಬೇಡ, ಸುಮ್ಮನೆ ಬಿಡೋಣವೆಂದರೆ
ರಸ್ತೆ ತುಂಬ ಅದಿರಿನ ಲಾರಿ.

ಭಾನುವಾರ ರಿಂಗನ್ನು ಬೆನ್ನಿಂದ ಬಿಚ್ಚಿ
ಎದೆಯ ನಟ್ಟನಡುವೆ ಹೊಲಿದೆ.
ಈಗ ಜಗ್ಗಿದರೆ ಹಗ್ಗ ಅದನ್ನೇ ತಿರುಗಿಸುತ್ತದೆ.
ಮಾಂಸದಂಗಡಿಗೆ ಹೊರಟ ಮೂತಿ
ಗರಕ್ಕನೆ ನನ್ನ ಕಡೆ ಬರುತ್ತದೆ,
ಏನು, ಕರೆದೆಯಾ ಎನ್ನುವ ಹಾಗೆ.
ಕರೆದಿಲ್ಲ.
ಕರೆದೆ ಅಂತಲೇ ಅಂದುಕೊಳ್ಳಲಿ.

ನೂರಿಪ್ಪತ್ತರ ಪಟ್ಟಿಯನ್ನೂ ಬಿಸಾಡಲಿಲ್ಲ.
ಎರಡು ಬೆರಳು ಆಡುವಷ್ಟು ಸಡಿಲ,
ಹುಚ್ಚುನಾಯಿ ಸೂಜಿ ಹಾಕಿಸಿದ ಬಿಲ್ಲೆ, ನನ್ನ ಮೊಬೈಲ್ ನಂಬರು,
ಅಷ್ಟನ್ನೇ ಹೊರುತ್ತದೆ ಕೊರಳು.
ಹಗ್ಗ ಅಲ್ಲಿಗಿಲ್ಲ.

ನಿನ್ನೆ ಮತ್ತೆ ಅಳೆದೆ, ಇಪ್ಪತ್ಮೂರೂವರೆ!
ತಾತ ಕದ್ದು ಕದ್ದು ಬೋಟಿ ಹಾಕುತ್ತಿದ್ದಾರೆ.
ಪಕ್ಕದ ಹೊಲಿಗೆ ಬಿಚ್ಚಬೇಕು.