ನಾನೂರ ಹದಿನೇಳನೇ ಕೋಟು

ರಾತ್ರಿ ಎರಡಕ್ಕೆ ಸರ್ವರು ಹಲ್ಲಿಯ ಹಾಗೆ ಲೊಚಗುಟ್ಟಿತು.
ನಾಗವೇಣಿ ನಿದ್ದೆಯಲ್ಲೇ ಕೈ ಇಳಿಬಿಟ್ಟು
ನೆಲಕ್ಕೆ ಮೂರು ಸಲ ಬೆರಳು ಕುಟ್ಟಿ
ಕೃಷ್ಣ ಕೃಷ್ಣ ಅಂದಳು.
ನಾನು ಎದ್ದು ಕೂತೆ. ಅದು ಹಲ್ಲಿಯಲ್ಲ,
ಡಿಸ್ಕಿನ ಸೂಜಿ ಜಾಗ ಮರೆತು ತಡಕಾಡುವ ಸದ್ದು.

ಜುಬೈಲಿನ ಈ ಎರಡು ಕೋಣೆಯಲ್ಲಿ
ಫ್ರಿಜ್ಜಿನ ಪಕ್ಕ, ಅಕ್ಕಿ ಡಬ್ಬದ ಮೇಲೆ ಅದರ ವಾಸ.
ಒಳಗೆ ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ.
ಒಂದು ಸತ್ತರೆ ಇನ್ನೊಂದಿದೆಯಲ್ಲ ಅಂತ
ನಾಲ್ಕು ವರ್ಷ ಕಾಲು ಚಾಚಿ ಮಲಗಿದ್ದೆ.
ಕನ್ನಡಿಗೇನು ಗೊತ್ತು?
ನೀನು ಅಳಿಸಿದರೆ ಅದೂ ಅಳಿಸುತ್ತದೆ,
ಅದೇ ಗಳಿಗೆ, ಅಷ್ಟೇ ಶ್ರದ್ಧೆಯಿಂದ.
ಕನ್ನಡಿಯೊಳಗಿನ ಗಂಟು ಅಂದರೆ ಇದೇ ಎಂದು
ನೀರಿನ ಪ್ಲಾಂಟಿನಲ್ಲಿ ಪಂಪಿಗೊಂದು ಪಂಪು ಕಾವಲಿಡುವವನಿಗೆ
ಮನೆಯಲ್ಲಿ ಹೊಳೆದಿರಲಿಲ್ಲ.

ಲೊಚಗುಟ್ಟಿದ್ದನ್ನು ಕಿತ್ತು ಹೊಸದು ಕೂರಿಸಿದೆ.
ಮೇಲೆ ಇನ್ನೂ ಮೂರು ತಂದು ಪಟ್ಟಿ ಅಂಟಿಸಿದೆ:
ಅಜ್ಜ, ಅಪ್ಪ, ಮಗ.
ಮಗ ಮನೆಯಲ್ಲೇ, ದಿನಾ ರಾತ್ರಿ ಹೇಳಿದ್ದನ್ನು ಬರೆದುಕೊಳ್ಳುತ್ತಾನೆ.
ಅಪ್ಪ ಶುಕ್ರವಾರ ಹೊಟ್ಟೆ ತುಂಬಿಸಿಕೊಂಡು ದಮ್ಮಾಮಿಗೆ ಹೋಗುತ್ತಾನೆ,
ಅಲ್ಲಿಂದ ಅಜ್ಜ ಬರುತ್ತಾನೆ,
ಬಂದ ಅಜ್ಜ ಮುಂದಿನ ವಾರಕ್ಕೆ ಅಪ್ಪ.
ಈ ವಂಶದಲ್ಲಿ ವಯಸ್ಸು ಯಾರಲ್ಲೂ ನಿಲ್ಲುವುದಿಲ್ಲ.

ಹೊರಗೆ ನಲವತ್ತೆಂಟು ಡಿಗ್ರಿ. ಕಾರಿನೊಳಗೆ ಕೇಳಬೇಡಿ.
ಊಟದ ಚೀಲದಲ್ಲಿ, ಟವೆಲು ಸುತ್ತಿ,
ಮೊಸರನ್ನದ ಡಬ್ಬಿಗೆ ತಾಗದ ಹಾಗೆ ಇಟ್ಟು
ತೊಂಬತ್ತು ಚಿಲ್ಲರೆ ಕಿಲೋಮೀಟರು.

ದಮ್ಮಾಮಿನಲ್ಲಿ ಮುಬಶ್ಶಿರನ ಲಾಂಡ್ರಿ. ಭಟ್ಕಳದವನು,
ಲೆಕ್ಕದಲ್ಲಿ ಖಡಕ್ಕು, ಚೀಟಿಯಿಲ್ಲದೆ ಕರ್ಚೀಫೂ ಒಳಗೆ ಬರದು.
ಗುಲಾಬಿ ಚೀಟಿಯಲ್ಲಿ ಬರೆದ:
೪೧೭. ಕೋಟು. ಒಂದು.
ಯಾರೂ ಬಿಡಿಸಿಕೊಳ್ಳದ ಬಟ್ಟೆಗಳ ಕಪಾಟು,
ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೋದವರ
ಇಸ್ತ್ರಿ ಮಾಡಿದ ಪ್ಯಾಂಟುಗಳ ಹಿಂದೆ ಅದಕ್ಕೆ ಜಾಗ.
‘ಜೇಬಲ್ಲಿ ಏನಿದೆ ಮಾರಾಯ?’
‘ಮಕ್ಕಳು’ ಅಂದೆ.

ಗುರುವಾರ ಸಂಜೆ ನಮ್ಮ ಹಾಲಿನಲ್ಲಿ
ನಾಗವೇಣಿಯ ಕನ್ನಡ ಪಾಠ. ಏಳೆಂಟು ಮಕ್ಕಳು, ಒಂದು ಬಿಳಿ ಹಲಗೆ.
ಒಬ್ಬೊಬ್ಬರ ಓದನ್ನೂ ಫೋನಿನಲ್ಲಿ ಹಿಡಿದು
ಹೆಸರಿನ ಫೋಲ್ಡರಿಗೆ ಸುರಿದು ಫೋನು ಖಾಲಿ ಮಾಡುತ್ತಾಳೆ.
ಅಪ್ಪನ ಇಕಾಮ ಮುಗಿದರೆ ಮಗು ಹೋಗುತ್ತದೆ,
ಫೋಲ್ಡರು ಇರುತ್ತದೆ.

ಎಲ್ರಾಯನಿಗೆ ‘ಳ’ ಬರುತ್ತಿರಲಿಲ್ಲ.
‘ನಮ್ಮ ಹಲ್ಲಿಯಲ್ಲಿ ಒಂದು ಕೆರೆ ಇದೆ’ ಎಂದು ಗಂಭೀರವಾಗಿ ಓದುತ್ತಿದ್ದ,
ಮಿಕ್ಕವರು ಉರುಳಾಡಿ ನಗುತ್ತಿದ್ದರು.
ಕೊನೆಯ ಗುರುವಾರ ಕಣ್ಣು ಮುಚ್ಚಿ, ನಾಲಗೆ ಮಡಚಿ,
ಹಳ್ಳಿ ಅಂದ.
ಯಾರೂ ನಗಲಿಲ್ಲ.
ನಂಬಿಕೆ ಬಾರದೆ ಅವನೇ ಇನ್ನೊಮ್ಮೆ ಅಂದ.

ಶುಕ್ರವಾರ ಮಣ್ಣಿನ ಗಾಳಿ, ಹೆದ್ದಾರಿ ಕಾಣಲಿಲ್ಲ.
ಹೋಗುವುದಿಲ್ಲವಲ್ಲ ಎಂದು ಅಪ್ಪನನ್ನು ತುಂಬಿಸಲೂ ಇಲ್ಲ.
ಶನಿವಾರ ಎಲ್ರಾಯ್ ವಿಮಾನ ಹತ್ತಿದ.
ಭಾನುವಾರ ಜಾಗ ಸಾಲದೆಂದು ಏನೇನೋ ಒರೆಸುತ್ತ ಕೂತವನು
ಅವನ ಫೋಲ್ಡರನ್ನೂ ಒರೆಸಿದೆ. ಕನ್ನಡಿಯೂ ಒರೆಸಿತು.
ಎರಡು ಗಂಟೆಗೆ ಮಗನೂ ಒರೆಸಿದ,
ಹೇಳಿದ ಮಾತು ಕೇಳುವವನು.

ಚೀಟಿ ಕೊಟ್ಟು ಕೋಟು ಬಿಡಿಸಿಕೊಂಡು ಬಂದೆ.
ಅಜ್ಜನ ಹತ್ತಿರ ಹಿಂದಿನ ವಾರದವರೆಗೆ ಎಲ್ಲ ಇತ್ತು:
ಕೆರೆ, ಹಲ್ಲಿ, ಉರುಳಾಡುವ ನಗು.

ನಾಗವೇಣಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಗೋಡೆಯ ಕ್ಯಾಲೆಂಡರಿನಲ್ಲಿ ಹೊಸ ಸಾಲು ಬರೆದಿದ್ದೇನೆ:
ಗುರುವಾರ, ಪಾಠ ಮುಗಿದ ಕೂಡಲೇ, ಗಾಳಿಯಿದ್ದರೂ.

ಮೊನ್ನೆ ಊಟಕ್ಕೆ ಕೂತಾಗ ಟ್ಯೂಬ್‌ಲೈಟಿನ ಹಿಂದಿನಿಂದ
ನಿಜವಾದದ್ದೇ ಒಂದು ಲೊಚಗುಟ್ಟಿತು.
ಅವಳ ಬೆರಳು ನೆಲಕ್ಕೆ ಹೋಗಲಿಲ್ಲ.
ಹಳ್ಳಿ, ಅಂದಳು.
ಹಳ್ಳಿ, ಅಂದೆ ನಾನೂ, ನಾಲಗೆ ಮಡಚಿ.