ಹನ್ನೊಂದನೆಯ ನಿಮಿಷ

ಹನ್ನೊಂದನೆಯ ನಿಮಿಷಕ್ಕೆ ಸರಿಯಾಗಿ
ಸತ್ತುಹೋಗುತ್ತದೆ.
ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ, ಒಂದು ಟಿಕ್ ಅಷ್ಟೆ.
ಡ್ರ್ಯಾಗನ್ನಿನ ಬಾಯಲ್ಲಿ ನೆಟ್ಟ ಕತ್ತಿಸಮೇತ
ಪರದೆ ಕಪ್ಪು.

ಜೀಲಾಂಗಿನ ಜನವರಿ.
ರಾತ್ರಿ ಹತ್ತಾದರೂ ಮೂವತ್ತನಾಲ್ಕು ಡಿಗ್ರಿ.
ಮೀನಂಗಡಿಯಲ್ಲಿ ಎರಡು ಬೇಸಿಗೆ ಆಲೂಗಡ್ಡೆ ಕರಿದ ದುಡ್ಡು
ಊಟದ ಮೇಜಿನ ಮೇಲೆ ಪಕ್ಕೆ ತೆರೆದು ಮಲಗಿದೆ.
ಧಾತ್ರಿ ಮೂರು ದಿನದಿಂದ ಮಾತು ಬಿಟ್ಟಿದ್ದಾಳೆ,
ನಮ್ಮೊಡನೆ. ಅದರೊಡನೆ ಮಾತ್ರ ಪಿಸುಪಿಸು.

ರ‍್ಯಾಮ್ ಕಿತ್ತಳು, ಊದಿದಳು, ಮತ್ತೆ ಒತ್ತಿದಳು.
ವೈರುಗಳನ್ನು ಜಡೆಯಂತೆ ಬಿಚ್ಚಿ
ಮತ್ತೆ ಹೆಣೆದಳು.
ಪವರ್ ಸಪ್ಲೈ ಬದಲಿಸಿ ತಂದಳು, ಬಸ್ಸಿನಲ್ಲಿ,
ತೊಡೆಯ ಮೇಲಿಟ್ಟುಕೊಂಡು.
ಬೇರೆ ಸಾಕೆಟ್ಟು ನೋಡೋಣವೆಂದು
ಅಡುಗೆಮನೆಗೂ ಹೊತ್ತೆವು, ಟೋಸ್ಟರಿನ ಪಕ್ಕಕ್ಕೆ.
ಹನ್ನೊಂದು ನಿಮಿಷ. ಟಿಕ್.

‘ಬಿಸಿಯಾಗುತ್ತಿದೆಯೇನೋ’ ಅಂದೆ.
‘ಅಪ್ಪಾ, ಇದು ನಿನ್ನ ಫ್ರಿಜ್ಜಲ್ಲ.’
ಇಪ್ಪತ್ತು ವರ್ಷ ಈ ಊರಿನ
ತಂಪುಪೆಟ್ಟಿಗೆಗಳ ಜ್ವರ ನೋಡಿದವನು
ಬಾಯಿ ಮುಚ್ಚಿಕೊಂಡು ಟಾರ್ಚ್ ಹಿಡಿದೆ.
ಅದೂ ಓರೆಯಂತೆ.

ನಡುರಾತ್ರಿ ಕೂಲರಿನ ನಾಲ್ಕು ಸ್ಕ್ರೂ ತೆಗೆದು
ತಲೆಕೆಳಗು ಮಾಡಿದಳು.
ತಾಮ್ರದ ತಳಕ್ಕೆ ಅಂಟಿಕೊಂಡೇ ಇತ್ತು
ಈರುಳ್ಳಿಪೊರೆಯಷ್ಟು ತೆಳು ಪ್ಲಾಸ್ಟಿಕ್ಕು.
ಮೇಲೆ, ಪೇಸ್ಟು ಮೆತ್ತಿದ ಕೆಂಪಕ್ಷರ:
ಜೋಡಿಸುವ ಮುನ್ನ ಕಿತ್ತುಹಾಕಿ.

ನಾನು ನಗಲಿಲ್ಲ. ಆಣೆ.
ಕಿಸಕ್ಕೆಂದವಳು ಅವಳೇ.
ಉಗುರಲ್ಲಿ ಎಬ್ಬಿಸಿ, ಸರ‍್ರನೆ ಎಳೆದು,
ಬೆಳಕಿಗೆ ಹಿಡಿದು ನೋಡಿ
ನನ್ನ ಹಣೆಗೆ ಅಂಟಿಸಿದಳು.

ಹನ್ನೆರಡು. ಹದಿಮೂರು.
ಡ್ರ್ಯಾಗನ್ ಯಾವಾಗ ಸತ್ತಿತೋ ಕಾಣೆ,
ಗಡಿಯಾರ ನೋಡುತ್ತಿದ್ದೆ.